ಫಸ್ಟ್ ನೇಮ್: ಗ್ರಂಥಾಲಯ

ಮೊದಲೇ ಹೇಳಿಬಿಡ್ತೀವಿ. ಇದನ್ನು ಬರೆಯುತ್ತಿರುವ ನಾವು ನಾಲ್ಕು ಜನ, ನಾಲ್ವರೂ ಇಂಗ್ಲಿಷ್ ಮೀಡಿಯಂನವರು. ಟೈಪ್ ಮಾಡಿದವರು ಒಬ್ಬರು, ಪಕ್ಕದಲ್ಲಿ ಕೂತು ತಲೆ ತಿಂದವರು ಮೂವರು. ಕಾಗುಣಿತ ತಪ್ಪಿದ್ದರೆ ನಮ್ಮನ್ನು ಕ್ಷಮಿಸಿ, ತಿದ್ದದೆ ಬಿಟ್ಟ ಎಡಿಟರ್ ಅಣ್ಣನನ್ನು ಮಾತ್ರ ಕ್ಷಮಿಸಬೇಡಿ.

ವಿಷಯ ಇಷ್ಟೇ. ನಮ್ಮ ಕಾಲೇಜು ಲೈಬ್ರರಿಗೆ ಒಂದಷ್ಟು ಕನ್ನಡ ಸಿನಿಮಾ ಕೊಳ್ಳೋಣ ಅಂತ ಹೊರಟೆವು. ದುಡ್ಡು ಇತ್ತು, ಅನುಮತಿ ಇತ್ತು, ಉತ್ಸಾಹ ಅಂತೂ ಬೇಕಾದ್ದಕ್ಕಿಂತ ಜಾಸ್ತಿನೇ ಇತ್ತು. ಆದರೂ ಮೂರು ತಿಂಗಳು ಹಿಡಿಯಿತು, ಕೊನೆಗೆ ದುಡ್ಡಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ವಾಪಸ್ ಹೋಯಿತು. ಕದ್ದು ನೋಡೋದು ನಾಲ್ಕು ನಿಮಿಷದ ಕೆಲಸ ಆಗಿರುವಾಗ ದುಡ್ಡು ಕೊಟ್ಟು ಕೊಳ್ಳೋಕೆ ಮೂರು ತಿಂಗಳು ಯಾಕೆ ಬೇಕಾಯಿತು? ಈ ಬರಹ ಅದರ ಬಗ್ಗೆ.

ಸಿನಿಮಾನೇ ಯಾಕೆ ಅಂತ ಕೇಳಬಹುದು. ಕನ್ನಡ ಸಂಘಕ್ಕೆ ಸೇರಿದ ಮೊದಲ ವರ್ಷ ನಮಗೆ ಆದ ಅವಮಾನದಿಂದ ಶುರುವಾಗಿದ್ದು ಇದು. ಸೀನಿಯರ್‌ಗಳು ಕಾದಂಬರಿ ಬಗ್ಗೆ ಮಾತಾಡುವಾಗ ನಾವು ಸುಮ್ಮನೆ ತಲೆಯಾಡಿಸುತ್ತಿದ್ದೆವು. ಮನೇಲಿ ಕನ್ನಡ ಮಾತಾಡ್ತೀವಿ, ಜಗಳ ಆಡ್ತೀವಿ, ಅಜ್ಜಿ ಹತ್ತಿರ ಬೈಸಿಕೊಳ್ತೀವಿ. ಆದರೆ 300 ಪುಟದ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಒಂದು ಪುಟಕ್ಕೆ ಐದು ನಿಮಿಷ ಬೇಕು. ಒತ್ತಕ್ಷರ ಬಂದಾಗ ಕಣ್ಣು ನಿಂತುಬಿಡುತ್ತೆ. ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೆ ಈ ಪತ್ರಿಕೆ ಓದೋರಲ್ಲಿ ನಮ್ಮಂಥವರು ಇನ್ನೂ ಇದ್ದಾರೆ ಅಂತ ಗೊತ್ತು. ನಮಗೆ ಕಿವಿಯ ಕನ್ನಡ ಇದೆ, ಕಣ್ಣಿನ ಕನ್ನಡ ಇಲ್ಲ. ಹಾಗಾಗಿ ಸಿನಿಮಾ ನಮಗೆ ಬಾಗಿಲು. ಮೊದಲು ನೋಡೋದು, ಕೇಳೋದು, ಆಮೇಲೆ ಅದರ ಮೂಲ ಕಥೆ ಹುಡುಕಿಕೊಂಡು ಓದೋದು. ಹೀಗೆ ಮಾಡಿದರೆ ನಾವೂ ಒಂದಿನ ಆ ಮಾತುಕತೆಯಲ್ಲಿ ಸೇರಬಹುದು ಅನ್ನೋದು ನಮ್ಮ ಲೆಕ್ಕ.

ಪ್ರಿನ್ಸಿಪಾಲ್‌ಗೆ ಅರ್ಜಿ ಬರೆದೆವು. ಆಶ್ಚರ್ಯ ಅಂದ್ರೆ ಡಿಸೆಂಬರ್ ಕೊನೆಯಲ್ಲಿ ಮಂಜೂರು ಆಗಿಯೇ ಬಿಟ್ಟಿತು. ಲೈಬ್ರರಿ ಬಜೆಟ್‌ನಿಂದ ರೂ. 10,000. ಒಂದೇ ಷರತ್ತು: ಮಾರ್ಚ್ 31ರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸ್.

ಕಾನೂನು ಅಡ್ಡ ಬರುತ್ತೇನೋ ಅಂತ ನಮಗೆ ಭಯ ಇತ್ತು. ಡಿವಿಡಿ ಹಾಕಿದ ತಕ್ಷಣ ಬರುವ ಎಚ್ಚರಿಕೆ ನೋಡಿದ್ದೀವಲ್ಲ. ಸೀನಿಯರ್‌ಗಳ ಐಪಿಆರ್ ನೋಟ್ಸ್ ತಂದು, ಲಾ ಓದುತ್ತಿರುವ ಗೆಳತಿಯೊಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು 1957ರ ಕಾಪಿರೈಟ್ ಕಾಯ್ದೆ ನೋಡಿದೆವು. ಅಲ್ಲಿ ಕಂಡದ್ದು ಬೇರೆಯೇ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಆದಾಗ 'ವಾಣಿಜ್ಯ ಬಾಡಿಗೆ' ಅಂದ್ರೆ ಏನು ಅಂತ ಬರೆದಿದ್ದಾರೆ. ನ್ಯಾಯವಾಗಿ ಕೊಂಡ ಸಿನಿಮಾ ಪ್ರತಿಯನ್ನು ಲಾಭಕ್ಕಲ್ಲದೆ ನಡೆಯುವ ಲೈಬ್ರರಿಯೋ ಶಿಕ್ಷಣ ಸಂಸ್ಥೆಯೋ ಲಾಭದ ಉದ್ದೇಶವಿಲ್ಲದೆ ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆ ಅಲ್ಲ. ಇನ್ನು ಸೆಕ್ಷನ್ 52ರಲ್ಲಿ ಮತ್ತೊಂದು ವಿನಾಯಿತಿ: ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು, ನೋಡೋರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಇಂಥವರಷ್ಟೇ ಆಗಿದ್ದರೆ. ಅಂದ್ರೆ ನಾವು ಡಿವಿಡಿ ಕೊಂಡರೆ ಕಪಾಟಿನಲ್ಲಿ ಇಡಬಹುದು, ಮನೆಗೆ ಕೊಡಬಹುದು, ಸೆಮಿನಾರ್ ಹಾಲ್‌ನಲ್ಲಿ ಎಲ್ಲರೂ ಕೂತು ನೋಡಬಹುದು.

ಕಾನೂನು ಬಾಗಿಲು ತೆರೆದಿತ್ತು. ಇನ್ನು ಅಂಗಡಿಗೆ ಹೋಗಿ ಕೊಳ್ಳೋದಷ್ಟೇ ಬಾಕಿ ಅಂದ್ಕೊಂಡ್ವಿ.

ಜನವರಿಯ ಒಂದು ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯ ಕಂಪ್ಯೂಟರ್ ಮುಂದೆ ಕೂತೆವು. ನಾವು ನಾಲ್ಕು ಜನ, ಮಧ್ಯದಲ್ಲಿ ಲೈಬ್ರರಿಯನ್ ಸರ್. ಒಂದು ಆನ್‌ಲೈನ್ ಅಂಗಡಿಯಲ್ಲಿ ನಮ್ಮ ಪಟ್ಟಿಯ ನಾಲ್ಕೈದು ಸಿನಿಮಾ ಡಿವಿಡಿ ಕಂಡವು. ಕೊಳ್ಳಬೇಕಾದರೆ ಅಕೌಂಟ್ ತೆರೆಯಬೇಕು. ಫಸ್ಟ್ ನೇಮ್, ಲಾಸ್ಟ್ ನೇಮ್, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್.

ಸರ್ ಕನ್ನಡಕ ಸರಿ ಮಾಡಿಕೊಂಡು ಕೇಳಿದರು, "ಯಾರ ಹೆಸರು ಹಾಕೋದಪ್ಪ?"

ಅವರ ಹೆಸರು ಹಾಕಿದರೆ ಬಿಲ್ ಅವರ ಹೆಸರಿಗೆ ಬರುತ್ತೆ, ಅಕೌಂಟ್ಸ್‌ನವರು ಒಪ್ಪಲ್ಲ. ನಮ್ಮ ಹೆಸರು ಹಾಕಿದರೆ ಅದು ನಮ್ಮ ಸ್ವಂತ ಖರೀದಿ ಆಗುತ್ತೆ. ಕೊನೆಗೆ ನಮ್ಮಲ್ಲೊಬ್ಬಳು ಟೈಪ್ ಮಾಡಿದಳು. ಫಸ್ಟ್ ನೇಮ್: ಗ್ರಂಥಾಲಯ. ಲಾಸ್ಟ್ ನೇಮ್: ವಿಭಾಗ. ಹುಟ್ಟಿದ ದಿನಾಂಕಕ್ಕೆ ಕಾಲೇಜಿನ ಸಂಸ್ಥಾಪನಾ ದಿನ. ಅಲ್ಲಿಯವರೆಗೆ ವೆಬ್‌ಸೈಟ್ ಏನೂ ಅನ್ನಲಿಲ್ಲ. ಮೊಬೈಲ್ ನಂಬರ್ ಹತ್ತಿರ ನಿಂತಿತು. ಲೈಬ್ರರಿಗೆ ಇರೋದು ಲ್ಯಾಂಡ್‌ಲೈನ್, ಅದಕ್ಕೆ ಒಟಿಪಿ ಬರಲ್ಲ. ಸರ್ ತಮ್ಮ ಮೊಬೈಲ್ ನಂಬರ್ ಕೊಟ್ಟರು. ಈ ನಂಬರ್‌ನಲ್ಲಿ ಈಗಾಗಲೇ ಅಕೌಂಟ್ ಇದೆ, ಲಾಗಿನ್ ಆಗಿ ಅಂತ ಬಂತು. ಅದು ಅವರ ಮಗಳು ತೆರೆದ ಅಕೌಂಟ್. ಕಾರ್ಟ್‌ನಲ್ಲಿ ಎರಡು ಕುರ್ತಾ ಇತ್ತು.

ನಗು ಬಂತು, ನಕ್ಕೆವು. ಆದರೆ ನಿಜವಾದ ತೊಂದರೆ ಆಮೇಲೆ ಬಂತು.

ಲೈಬ್ರರಿ ಹೇಗೆ ಕೊಳ್ಳುತ್ತೆ ಅಂತ ಆವತ್ತಿನವರೆಗೂ ನಮಗೆ ಗೊತ್ತಿರಲಿಲ್ಲ. ಮೊದಲು ಮೂರು ಕಡೆ ಕೊಟೇಶನ್ ತರಿಸಬೇಕು. ಮೂರನ್ನೂ ಹೋಲಿಸಿ ಪಟ್ಟಿ ಮಾಡಿ, ಕಡಿಮೆ ಬೆಲೆಯವರಿಗೆ ಪರ್ಚೇಸ್ ಆರ್ಡರ್ ಕೊಡಬೇಕು. ಸಾಮಾನು ಬಂದ ಮೇಲೆ ಪರೀಕ್ಷೆ ಮಾಡಿ, ಅಕ್ಸೆಷನ್ ರಿಜಿಸ್ಟರ್‌ನಲ್ಲಿ ನಂಬರ್ ಹಾಕಿ, ಆ ನಂಬರನ್ನು ಬಿಲ್ ಹಿಂದೆ ಬರೆದು ಸಹಿ ಮಾಡಬೇಕು. ಆಮೇಲೆ ಅಕೌಂಟ್ಸ್‌ಗೆ ಹೋಗಿ, ಮೂವತ್ತೋ ನಲವತ್ತೋ ದಿನದ ಮೇಲೆ ದುಡ್ಡು. ಅಂದ್ರೆ ಮೊದಲು ಸಾಮಾನು, ಆಮೇಲೆ ದುಡ್ಡು. ಆನ್‌ಲೈನ್ ಅಂಗಡಿಯಲ್ಲಿ ಪೂರ್ತಿ ಉಲ್ಟಾ: ಮೊದಲು ದುಡ್ಡು, ಆಮೇಲೆ ಸಾಮಾನು. ಪುಸ್ತಕದ ವ್ಯಾಪಾರಿಗಳಿಗೆ ಈ ಪದ್ಧತಿ ರೂಢಿ ಇದೆ, ಅವರು ಕಾಲೇಜುಗಳಿಗೆ ಮಾರಿಯೇ ಬದುಕುವವರು. ಡಿವಿಡಿ ಮಾರುವವರಿಗೆ ಗೊತ್ತಿರೋದು ಮನೇಲಿ ಕೂತು ಬಟನ್ ಒತ್ತುವ ಒಬ್ಬ ಮನುಷ್ಯ ಮಾತ್ರ.

ಪಟ್ಟಿಯಲ್ಲಿದ್ದ ಒಂದು ಹಳೇ ಸಿನಿಮಾದ ಒಂದೇ ಒಂದು ಪ್ರತಿ ನಮ್ಮ ಕಣ್ಣಿಗೆ ಬಿತ್ತು, ಯಾರೋ ಮನೆಯಿಂದ ಮಾರುತ್ತಿದ್ದ ಸೆಕೆಂಡ್ ಹ್ಯಾಂಡ್ ಪ್ರತಿ. ಅದಕ್ಕೂ ಮೂರು ಕೊಟೇಶನ್ ತನ್ನಿ ಅಂದರು ಆಫೀಸಿನವರು. ಒಬ್ಬರ ಹತ್ತಿರ ಮಾತ್ರ ಇರೋ ವಸ್ತುವಿಗೆ ಮೂರು ಕೊಟೇಶನ್ ಎಲ್ಲಿಂದ ತರೋದು? ಬೇರೆ ಕಡೆ ಸಿಗಲ್ಲ ಅಂತ ಪತ್ರ ಬರೆದುಕೊಡಿ ಅಂದರು. ಬರೆದುಕೊಟ್ಟೆವು. ಸಹಿ ಆಗಿ ಬರುವಷ್ಟರಲ್ಲಿ ಆ ಪ್ರತಿ ಯಾರಿಗೋ ಮಾರಾಟ ಆಗಿತ್ತು.

ತೆರಿಗೆ ವಿಷಯದಲ್ಲೂ ನಾವು ಬುದ್ಧಿವಂತಿಕೆ ತೋರಿಸೋಕೆ ಹೋಗಿ ಬೈಸಿಕೊಂಡೆವು. ನಮ್ಮ ಕಾಲೇಜು ಟ್ರಸ್ಟ್‌ನದ್ದು, ಟ್ರಸ್ಟ್‌ಗೆ 12ಎ ಸರ್ಟಿಫಿಕೇಟ್ ಇದೆ, ಹಾಗಾಗಿ ತೆರಿಗೆ ಇಲ್ಲ ಅಂತ ಎಲ್ಲೋ ಕೇಳಿದ್ದೆವು. ಅಂಗಡಿಯವರಿಗೆ ಅದನ್ನು ತೋರಿಸಿ ಜಿಎಸ್‌ಟಿ ಕಮ್ಮಿ ಮಾಡಿಸೋಣ ಅಂತ ಅಕೌಂಟ್ಸ್ ಮೇಡಂ ಹತ್ತಿರ ಹೋದೆವು. ಮೇಡಂ ಪೆನ್ನು ಕೆಳಗಿಟ್ಟರು. "ಅದು ಇನ್ಕಮ್ ಟ್ಯಾಕ್ಸಿಗೆ ಕಣ್ರೋ. ಟ್ರಸ್ಟಿನ ಆದಾಯಕ್ಕೆ ವಿನಾಯಿತಿ. ಅಂಗಡೀಲಿ ಕೊಳ್ಳೋ ಸಾಮಾನಿಗೆ ಎಲ್ಲರ ಥರ ನಾವೂ ಜಿಎಸ್‌ಟಿ ಕಟ್ಟಬೇಕು." ಆಮೇಲೆ ಅವರೇ ಹೇಳಿದ ಇನ್ನೊಂದು ವಿಷಯ ನಮಗೆ ಹೊಸದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ. ಡಿವಿಡಿಗೆ ಶೇ. 18. ಎಂಆರ್‌ಪಿಯಲ್ಲೇ ಅದು ಸೇರಿಕೊಂಡಿರೋದರಿಂದ ಕಣ್ಣಿಗೆ ಕಾಣಲ್ಲ. ಲೆಕ್ಕ ಹಾಕಿದೆವು: ರೂ. 299ರ ಡಿವಿಡಿಯಲ್ಲಿ ರೂ. 45.61 ತೆರಿಗೆ. ಅದೇ ಕಥೆಯ ಪುಸ್ತಕ ಕೊಂಡರೆ ಸೊನ್ನೆ. ನಮ್ಮಂಥ ಕಿವಿಯ ಕನ್ನಡದವರಿಗೆ ಇದು ಸ್ವಲ್ಪ ಅನ್ಯಾಯ ಅನ್ನಿಸಿತು. ಮೇಡಂ ಮುಂದೆ ಹೇಳೋಕೆ ಧೈರ್ಯ ಬರಲಿಲ್ಲ.

ಡಿವಿಡಿ ಬಿಡಿ, ಒಟಿಟಿ ಇದೆಯಲ್ಲ ಅಂತ ನೀವು ಕೇಳ್ತೀರಿ. ನಮಗೂ ಅದೇ ಮೊದಲು ಹೊಳೆದದ್ದು. ಲೈಬ್ರರಿಗೆ ಒಂದು ವರ್ಷದ ಸಬ್‌ಸ್ಕ್ರಿಪ್ಶನ್ ತಗೊಂಡರೆ ಮುಗೀತು. ಷರತ್ತುಗಳನ್ನು ಕೊನೆಯವರೆಗೆ ಓದಿದ ಮನುಷ್ಯರು ಯಾರಾದರೂ ಇದ್ದರೆ ಅದು ನಾವೇ ಇರಬೇಕು. ನಾವು ನೋಡಿದ ಕಡೆಯೆಲ್ಲ ಅರ್ಥ ಒಂದೇ ಇತ್ತು: ಸ್ವಂತಕ್ಕೆ, ಮನೆಯವರಿಗೆ, ವ್ಯಾಪಾರಕ್ಕಲ್ಲ. ಲೈಬ್ರರಿ ಯಾರ ಮನೆ? ಇಮೇಲ್ ಬರೆದೆವು. ಒಂದು ಕಡೆಯಿಂದ ಬಂದ ಉತ್ತರದಲ್ಲಿ ಪಾಸ್‌ವರ್ಡ್ ಮರೆತಿದ್ದರೆ ಏನು ಮಾಡಬೇಕು ಅಂತ ವಿವರವಾಗಿ ಬರೆದಿತ್ತು.

ಇನ್ನು ಆನ್‌ಲೈನ್‌ನಲ್ಲಿ 'ಬೈ' ಅಂತ ಬಟನ್ ಇರುವ ಸಿನಿಮಾ. ಅದನ್ನು ಒತ್ತಿದರೆ ಕೊಂಡ ಹಾಗೆ ಅಲ್ಲ, ನೋಡುವ ಪರವಾನಗಿ ಸಿಕ್ಕ ಹಾಗೆ. ಆ ಪರವಾನಗಿ ಒಂದು ಅಕೌಂಟ್‌ಗೆ ಅಂಟಿಕೊಂಡಿರುತ್ತೆ. ಇನ್ನೊಬ್ಬರಿಗೆ ಎರವಲು ಕೊಡೋಕೆ ಆಗಲ್ಲ. ಈ ಮೋಸದ ಮಾತಿನ ಬಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನೇ ಮಾಡಿದೆ. 2025ರ ಜನವರಿಯಿಂದ ಅಲ್ಲಿ ಡಿಜಿಟಲ್ ವಸ್ತು ಮಾರುವವರು ಇದು ಬರೀ ಪರವಾನಗಿ ಅಂತ ಸ್ಪಷ್ಟವಾಗಿ ತಿಳಿಸದೆ 'ಬೈ' ಅನ್ನೋ ಪದ ಬಳಸುವ ಹಾಗಿಲ್ಲ. ನಮಗೆ ಸಿಕ್ಕ ಕಾನೂನಿನ ವಿನಾಯಿತಿ ಇತ್ತಲ್ಲ, ಕೊಂಡ ಪ್ರತಿಯನ್ನು ಎರವಲು ಕೊಡಬಹುದು ಅಂತ? ಕೊಳ್ಳೋಕೆ ಪ್ರತಿಯೇ ಇಲ್ಲದ ಮೇಲೆ ವಿನಾಯಿತಿ ಇಟ್ಟುಕೊಂಡು ಏನು ಮಾಡೋದು?

ಫೆಬ್ರವರಿ ಬಂತು. ಬೇಸರ ಆಗಿತ್ತು. ಒಂದು ಸಂಜೆ ಕ್ಯಾಂಟೀನ್‌ನಲ್ಲಿ ನಮ್ಮಲ್ಲೊಬ್ಬ ಮೊಬೈಲ್ ತೆಗೆದು, ಟೆಲಿಗ್ರಾಂನಲ್ಲಿ ಹುಡುಕಿ, ಪಟ್ಟಿಯ ಮೊದಲ ಸಿನಿಮಾವನ್ನು ಡೌನ್‌ಲೋಡ್‌ಗೆ ಹಾಕಿದ. ಚಹಾ ತಣ್ಣಗಾಗುವಷ್ಟರಲ್ಲಿ ಆಗಿತ್ತು. ಯಾರೂ ಏನೂ ಮಾತಾಡಲಿಲ್ಲ. ಸುಳ್ಳು ಯಾಕೆ, ನಾವೆಲ್ಲ ಹೀಗೆ ನೋಡಿಯೇ ಬೆಳೆದವರು. ಮರುದಿನ ಪೆನ್‌ಡ್ರೈವ್ ಹಿಡಿದುಕೊಂಡು ಲೈಬ್ರರಿಯನ್ ಸರ್ ಹತ್ತಿರ ಹೋಗಿ, ಸುಮ್ಮನೆ ಕೇಳುವ ಹಾಗೆ ಕೇಳಿದೆವು, ಹೀಗೆ ಬಂದದ್ದನ್ನು ಇಡಬಹುದಾ ಸರ್ ಅಂತ.

ಅವರು ಬೈಯಲಿಲ್ಲ. ರಿಜಿಸ್ಟರ್ ತೆಗೆದು ತೋರಿಸಿದರು. ಪ್ರತಿ ಸಾಲಿನಲ್ಲೂ ನಂಬರ್, ಹೆಸರು, ಯಾರಿಂದ ಬಂತು, ಬಿಲ್ ನಂಬರ್, ಬೆಲೆ. "ಇಲ್ಲಿ ಯಾರಿಂದ ಬಂತು ಅಂತ ಬರೀಬೇಕು. ಏನು ಬರೀಲಿ?" ಅಂದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನೀವು ಮನೇಲಿ ಏನು ನೋಡ್ತೀರೋ ನಿಮಗೆ ಬಿಟ್ಟದ್ದು, ಆದರೆ ಲೈಬ್ರರಿ ಅಂದ್ರೆ ನಾಳೆ ಬರೋರಿಗೂ ಲೆಕ್ಕ ಕೊಡಬೇಕಾದ ಜಾಗ ಅಂದರು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಂದೆವು. ಆ ಸಿನಿಮಾ ನೋಡಲಿಲ್ಲ ಅಂತ ಹೇಳಲ್ಲ. ನೋಡಿದೆವು. ಆದರೆ ಅದು ನಾಲ್ಕು ಜನ ನೋಡಿದ್ದಾಯಿತೇ ಹೊರತು ಲೈಬ್ರರಿಗೆ ಬಂದದ್ದಾಗಲಿಲ್ಲ.

ಇದೆಲ್ಲ ನಮ್ಮ ಊರಿನ, ನಮ್ಮ ಆಫೀಸಿನ ರಗಳೆ ಅಂತಲೇ ನಾವು ನಂಬಿದ್ದೆವು, ಅತ್ತಿಗೆ ಜೊತೆ ಮಾತಾಡುವವರೆಗೆ. ಅತ್ತಿಗೆ ಅಂದ್ರೆ ನಮ್ಮ ಮೆಕ್ಯಾನಿಕಲ್ ಗೆಳೆಯನ ಅಣ್ಣನ ಹೆಂಡತಿ. ತುಮಕೂರಿನವರು, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿನ ಒಂದು ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಪಾರ್ಟ್ ಟೈಮ್ ಕೆಲಸ, ಅದೂ ಖರೀದಿ ವಿಭಾಗದಲ್ಲಿ. ಒಂದು ಭಾನುವಾರ ಬೆಳಗ್ಗೆ ವಿಡಿಯೋ ಕಾಲ್‌ನಲ್ಲಿ ನಮ್ಮ ಗೋಳು ಹೇಳಿಕೊಂಡೆವು. ಅಲ್ಲಿ ಶನಿವಾರ ರಾತ್ರಿ. ಅವರು ಜೋರಾಗಿ ನಗೋಕೆ ಶುರು ಮಾಡಿದರು. "ಅಯ್ಯೋ, ನನ್ನ ವಾರ ಪೂರ್ತಿ ಇದೇ ಕಣ್ರಪ್ಪ!"

ಅಲ್ಲಿ ತೆರಿಗೆ ಕಥೆ ನಮ್ಮದಕ್ಕಿಂತ ವಿಚಿತ್ರ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಮಾರಾಟ ತೆರಿಗೆ ಅಂತ ಇಲ್ಲ. ರಾಜ್ಯ ರಾಜ್ಯಕ್ಕೆ ಬೇರೆ. ಒರೆಗಾನ್, ಡೆಲವೇರ್ ಥರದ ಐದು ರಾಜ್ಯಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ನ್ಯೂಜೆರ್ಸಿಯಲ್ಲಿ ಶೇ. 6.625. ಊರಿನ ಲೈಬ್ರರಿ ನಡೆಯೋದು ಜನರ ತೆರಿಗೆ ದುಡ್ಡಿನಿಂದ, ಹಾಗಾಗಿ ಅದು ಮಾರಾಟ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಆ ವಿನಾಯಿತಿ ತಾನಾಗಿ ಬರಲ್ಲ. ಪ್ರತಿಯೊಬ್ಬ ಮಾರುವವನಿಗೂ ಕಾಗದ ತೋರಿಸಿ ಒಪ್ಪಿಸಬೇಕು. ಅಲ್ಲೂ ನಮ್ಮ 12ಎ ಥರದ ಗೊಂದಲ ಇದೆಯಂತೆ. 501(ಸಿ)(3) ಅಂತ ಸೇವಾಸಂಸ್ಥೆಗಳಿಗೆ ಕೊಡುವ ಮಾನ್ಯತೆ ಕೇಂದ್ರದ ಆದಾಯ ತೆರಿಗೆಗೆ ಸಂಬಂಧಿಸಿದ್ದು, ರಾಜ್ಯದ ಮಾರಾಟ ತೆರಿಗೆಯ ವಿನಾಯಿತಿ ಬೇರೆಯೇ. ಒಂದಿದ್ದರೆ ಇನ್ನೊಂದೂ ಇದ್ದೇ ಇರುತ್ತೆ ಅಂತ ತಿಳಿದು ಪೆಟ್ಟು ತಿನ್ನೋರು ಅಲ್ಲೂ ಇದ್ದಾರೆ.

ಲೈಬ್ರರಿಗಳಿಗೆಂದೇ ಮಾರುವ ಕಂಪನಿಗಳ ಹತ್ತಿರ ಕೊಂಡರೆ ತಲೆನೋವಿಲ್ಲ. ಓಹಾಯೋದ ಮಿಡ್‌ವೆಸ್ಟ್ ಟೇಪ್ ಅಂಥದ್ದೊಂದು. ಅವರಿಗೆ ಲೈಬ್ರರಿ ಅಂದ್ರೆ ಏನು ಅಂತ ಗೊತ್ತು. ಆರ್ಡರ್ ಮೇಲೆ ಸಾಮಾನು ಕಳಿಸ್ತಾರೆ, ತೆರಿಗೆ ಹಾಕಲ್ಲ, ಬಿಲ್ ಆಮೇಲೆ. ಆದರೆ ಅವರ ಪಟ್ಟಿಯಲ್ಲಿ ಎಲ್ಲಾ ಸಿನಿಮಾ ಇರಲ್ಲ. ಸಣ್ಣ ನಿರ್ಮಾಪಕರದ್ದು, ಬೇರೆ ಭಾಷೆಯದ್ದು, ಹಳೆಯದ್ದು ಬೇಕಾದರೆ ಸಾಮಾನ್ಯ ಜನ ಕೊಳ್ಳುವ ಅಂಗಡಿಗೇ ಹೋಗಬೇಕು. ಅಲ್ಲಿ ಶುರು ತೊಂದರೆ. ಅತ್ತಿಗೆ ಹೇಳಿದ ಲೆಕ್ಕ: 20 ಡಾಲರ್‌ನ ಡಿವಿಡಿಗೆ 1 ಡಾಲರ್ 33 ಸೆಂಟ್ ತೆರಿಗೆ ಬೀಳುತ್ತೆ. ಒಂದೇ ವೆಬ್‌ಸೈಟ್‌ನಲ್ಲಿ ಹತ್ತಾರು ಜನ ಮಾರ್ತಾರೆ, ಕೆಲವರ ಹತ್ತಿರ ವಿನಾಯಿತಿ ಸಿಗುತ್ತೆ, ಕೆಲವರ ಹತ್ತಿರ ಇಲ್ಲ, ಎರಡೂ ಒಂದೇ ಬಿಲ್‌ನಲ್ಲಿ ಬರುತ್ತೆ. ಆ 1.33 ಡಾಲರ್ ವಾಪಸ್ ತರಿಸೋಕೆ ಅವರು ಒಮ್ಮೆ ನಾಲ್ಕು ಇಮೇಲ್, ಎರಡು ಫೋನ್ ಮಾಡಿದ್ದಾರೆ. ಬಿಟ್ಟುಬಿಡಿ ಅತ್ತಿಗೆ, ಅಷ್ಟು ಸಣ್ಣ ದುಡ್ಡು ಅಂದೆವು. "ಬಿಡೋ ಹಾಗಿಲ್ಲ. ಕಟ್ಟಬಾರದ ತೆರಿಗೆ ಯಾಕೆ ಕಟ್ಟಿದೆ ಅಂತ ಆಡಿಟ್‌ನವರು ಕೇಳ್ತಾರೆ. ಅರ್ಜೆಂಟ್ ಅಂತ ನನ್ನ ಸ್ವಂತ ಕಾರ್ಡ್‌ನಲ್ಲಿ ಕೊಂಡರೆ ತೆರಿಗೆ ಭಾಗ ನನಗೆ ವಾಪಸ್ ಬರಲ್ಲ."

ಇದು ಹೆಚ್ಚಾಗಿದ್ದು 2018ರಿಂದ ಈಚೆಗೆ. ಅದಕ್ಕೂ ಮುಂಚೆ, ಒಂದು ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಇಲ್ಲದ ವ್ಯಾಪಾರಿಗೆ ಆ ರಾಜ್ಯದ ತೆರಿಗೆ ವಸೂಲಿ ಮಾಡುವ ಜವಾಬ್ದಾರಿ ಇರಲಿಲ್ಲ. 2018ರ ಜೂನ್‌ನಲ್ಲಿ ಸೌತ್ ಡಕೋಟ ವರ್ಸಸ್ ವೇಫೇರ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಹಳೇ ನಿಯಮ ತೆಗೆದುಹಾಕಿತು. ಅದು ಸರಿಯಾದದ್ದೇ ಇರಬಹುದು, ಊರಿನ ಅಂಗಡಿಯವನು ತೆರಿಗೆ ಕಟ್ಟುವಾಗ ಆನ್‌ಲೈನ್‌ನವನು ಯಾಕೆ ಕಟ್ಟಬಾರದು? ಆದರೆ ಎಲ್ಲರೂ ವಸೂಲಿ ಮಾಡೋಕೆ ಶುರು ಮಾಡಿದ ಮೇಲೆ, ಯಾರಿಗೆ ವಿನಾಯಿತಿ ಅಂತ ಎಲ್ಲರಿಗೂ ಗೊತ್ತಿರಬೇಕಾಯಿತು. ಅದು ಹಲವರಿಗೆ ಗೊತ್ತಿಲ್ಲ.

ಕೊಳ್ಳುವ ಜಾಗಗಳೂ ಮುಚ್ಚುತ್ತಾ ಬಂದವು. ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸೋದನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಬೆಸ್ಟ್ ಬೈ ಅಂಗಡಿಗಳಲ್ಲಿ 2024ರಲ್ಲಿ ಸಿನಿಮಾ ಡಿಸ್ಕ್ ಮಾರಾಟ ನಿಂತಿತು. 1828ರಿಂದ ಇದ್ದ, ಲೈಬ್ರರಿಗಳಿಗೆ ಪುಸ್ತಕ ಒದಗಿಸುತ್ತಿದ್ದ ಬೇಕರ್ ಅಂಡ್ ಟೇಲರ್ ಕಂಪನಿ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಲೈಬ್ರರಿಗಳಿಗೇ ಅಂತ ಕಾನೊಪಿ ಎಂಬ ಸ್ಟ್ರೀಮಿಂಗ್ ಇದೆ, ಆದರೆ ಓದುಗರು ನೋಡಿದಷ್ಟೂ ಲೈಬ್ರರಿ ದುಡ್ಡು ಕೊಡಬೇಕು. ಜನ ಹೆಚ್ಚು ನೋಡಿದಷ್ಟೂ ಖರ್ಚು ಹೆಚ್ಚು. 2019ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಅಂಥ ದೊಡ್ಡ ಸಂಸ್ಥೆಯೇ ಇದು ನಮ್ಮ ಕೈಲಾಗಲ್ಲ ಅಂತ ಬಿಟ್ಟಿತು.

ಒಂದು ವಿಷಯದಲ್ಲಿ ಅತ್ತಿಗೆಗೆ ನಮ್ಮ ಮೇಲೆ ಹೊಟ್ಟೆಕಿಚ್ಚು. ಅಲ್ಲಿ ಕೊಂಡ ಡಿವಿಡಿಯನ್ನು ಎರವಲು ಕೊಡೋಕೆ ಕಾನೂನಿನ ಅಡ್ಡಿ ಇಲ್ಲ, ಆದರೆ ಲೈಬ್ರರಿಯ ಹಾಲ್‌ನಲ್ಲಿ ಜನರಿಗೆ ತೋರಿಸಬೇಕಾದರೆ ಬೇರೆ ಲೈಸೆನ್ಸ್, ಬೇರೆ ದುಡ್ಡು. ಪಾಠದ ಭಾಗವಾಗಿ ತರಗತಿಯಲ್ಲಿ ತೋರಿಸೋದಕ್ಕೆ ಮಾತ್ರ ವಿನಾಯಿತಿ. "ನಿಮ್ಮ ಕಾಲೇಜಲ್ಲಿ ಎಲ್ಲರೂ ಕೂತು ನೋಡಬಹುದಾ? ಮತ್ತೇನ್ರಪ್ಪ ಅಳ್ತಾ ಕೂತಿದ್ದೀರಾ, ಹೋಗಿ ಮನುಷ್ಯರ ಹತ್ತಿರ ಕೊಳ್ಳಿ, ವೆಬ್‌ಸೈಟ್ ಹತ್ತಿರ ಅಲ್ಲ," ಅಂದರು.

ಆ ಮಾತು ಹಿಡಿದುಕೊಂಡು ಮಾರ್ಚ್ ಮೊದಲ ಶನಿವಾರ ಬೆಂಗಳೂರಿನ ಗಾಂಧಿನಗರಕ್ಕೆ ಹೋದೆವು. ಕನ್ನಡ ಸಿನಿಮಾ ವ್ಯಾಪಾರ ಬೆಳೆದ ಜಾಗ ಅದು. ನಾಲ್ಕು ಕಡೆ ಕೇಳಿದೆವು. ಒಂದು ಕಡೆ ಈಗ ಮೊಬೈಲ್ ಕವರ್ ಮಾರ್ತಾರೆ, ಇನ್ನೊಂದು ಕಡೆ ನಗುತ್ತಾ "ಯಾವ ಕಾಲದಲ್ಲಿದ್ದೀರಾ" ಅಂದರು. ಕೊನೆಗೆ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ ಒಂದು ಸಿಕ್ಕಿತು. ಅರವತ್ತರ ಆಸುಪಾಸಿನ ಒಬ್ಬರು ಕೂತಿದ್ದರು, ಹಿಂದೆ ಕಪಾಟು ತುಂಬ ಡಿವಿಡಿ, ಮೇಲೆ ಧೂಳು.

ಅವರೇ ಹೇಳಿದ್ದು: 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು ರೂ. 28ಕ್ಕೆ, ಡಿವಿಡಿಯನ್ನು ರೂ. 34ಕ್ಕೆ ಮಾರೋಕೆ ಶುರು ಮಾಡಿದಾಗ ಪೈರಸಿಯವರಿಗೇ ಬೆವರು ಬಂದಿತ್ತಂತೆ. ನಾವು ಆಗಷ್ಟೇ ಹುಟ್ಟಿದ್ದೆವು. ಆ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಳುಗಿತು. "ಅಗ್ಗ ಮಾಡಿದ್ರೆ ಜನ ಕೊಳ್ತಾರೆ ಅಂತ ಆವಾಗ ಗೊತ್ತಾಯ್ತು. ಆಮೇಲೆ ಪುಕ್ಕಟೆ ಬಂತು, ಅದಕ್ಕಿಂತ ಅಗ್ಗ ಹೇಗೆ ಮಾಡೋದು?" ಅಂದರು.

ಲೈಬ್ರರಿಗೆ ಬೇಕು, ಕಾಲೇಜಿನಿಂದ ದುಡ್ಡು ಬರೋಕೆ ಒಂದು ತಿಂಗಳು ಆಗಬಹುದು ಅಂತ ಹೆದರುತ್ತಲೇ ಹೇಳಿದೆವು. "ಗೊತ್ತು ಬಿಡ್ರಿ, ಹಿಂದೆ ಕಾಲೇಜಿನವರೂ ಬರ್ತಿದ್ರು," ಅಂತ ಬಿಲ್ ಪುಸ್ತಕ ತೆಗೆದರು. ಜಿಎಸ್‌ಟಿ ನಂಬರ್ ಇತ್ತು. ಮೇಲೆ 'ಗೆ' ಅಂತ ಒಂದೇ ಒಂದು ಗೆರೆ. ಅದರ ಮೇಲೆ 'ಗ್ರಂಥಪಾಲಕರು' ಅಂತ ಬರೆದು, ಕಾಲೇಜಿನ ಹೆಸರು ಕೇಳಿ ಬರೆದರು. ಫಸ್ಟ್ ನೇಮ್ ಕೇಳಲಿಲ್ಲ, ಲಾಸ್ಟ್ ನೇಮ್ ಕೇಳಲಿಲ್ಲ, ಒಟಿಪಿ ಬರಲಿಲ್ಲ. 11 ಡಿವಿಡಿ, ಒಟ್ಟು ರೂ. 2,145. ರೂ. 5,000ದೊಳಗಿನ ಖರೀದಿಗೆ ಕೊಟೇಶನ್ ಬೇಡ, ಇಬ್ಬರು ಸಹಿ ಹಾಕಿದರೆ ಸಾಕು ಅನ್ನೋ ಹಳೇ ಸರ್ಕ್ಯುಲರ್ ಒಂದನ್ನು ಲೈಬ್ರರಿಯನ್ ಸರ್ ಅಷ್ಟರಲ್ಲಿ ಹುಡುಕಿಟ್ಟಿದ್ದರು. ಒಬ್ಬ ನಿರ್ಮಾಪಕರಿಗೆ ನೇರವಾಗಿ ಪತ್ರ ಬರೆದಿದ್ದೆವು, ಅವರು ರೂ. 500ಕ್ಕೆ ಒಂದು ಪ್ರತಿ ಕಳಿಸಿದರು. ಒಟ್ಟು 12. ಮಾರ್ಚ್ 31ಕ್ಕೆ ರೂ. 7,355 ವಾಪಸ್ ಹೋಯಿತು.

ಗೆದ್ದೆವು ಅಂದುಕೊಂಡಾಗ ಗೊತ್ತಾಯಿತು, ನಮ್ಮ ಯಾರ ಲ್ಯಾಪ್‌ಟಾಪ್‌ನಲ್ಲೂ ಡಿವಿಡಿ ಡ್ರೈವ್ ಇಲ್ಲ. ಎಂಜಿನಿಯರಿಂಗ್ ಕಾಲೇಜು, ಸಾವಿರಾರು ಕಂಪ್ಯೂಟರ್, ಒಂದು ಡ್ರೈವ್ ಇಲ್ಲ! ಉಳಿದ ದುಡ್ಡಿನಲ್ಲಿ ಒಂದು ಕೊಳ್ಳೋಣ ಅಂದರೆ ಅದು 'ಉಪಕರಣ', ಲೈಬ್ರರಿ ಲೆಕ್ಕಕ್ಕೆ ಬರಲ್ಲ. ಕೊನೆಗೆ ಸಿಎಡಿ ಲ್ಯಾಬ್‌ನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೇ ಸಿಪಿಯು ಒಂದರಲ್ಲಿ ಸಿಕ್ಕಿತು. ಲ್ಯಾಬ್ ಅಸಿಸ್ಟೆಂಟ್ ಅಣ್ಣ ಅದನ್ನು ಹೊತ್ತು ತಂದು ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್‌ಗೆ ಹಾಕಿಕೊಟ್ಟರು.

ಮೊದಲು ತೋರಿಸಿದ್ದು 'ಗುಲಾಬಿ ಟಾಕೀಸ್'. ಗಿರೀಶ್ ಕಾಸರವಳ್ಳಿಯವರ 2008ರ ಸಿನಿಮಾ, ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಕರಾವಳಿಯ ಮೀನುಗಾರರ ನಡುವಿನ ಸೂಲಗಿತ್ತಿ ಗುಲಾಬಿ, ಸಿನಿಮಾ ಹುಚ್ಚಿನವಳು. ಅವಳ ಮನೆಗೆ ಒಂದು ಕಲರ್ ಟಿವಿ ಬರುತ್ತೆ, ಸುತ್ತಲಿನ ಹೆಂಗಸರು ಅವಳ ಮನೇಲಿ ಸೇರಿ ನೋಡೋಕೆ ಶುರು ಮಾಡ್ತಾರೆ. ಮುಂದೆ ಏನಾಗುತ್ತೆ ಅಂತ ಹೇಳಲ್ಲ. ನಾವು ಮೂರು ತಿಂಗಳು ಒದ್ದಾಡಿದ್ದು ಅದಕ್ಕೇ ಅಲ್ವಾ, ಒಂದು ವಸ್ತುವನ್ನು ಹಲವರು ಸೇರಿ ನೋಡುವ ಜಾಗಕ್ಕೆ? 43 ಜನ ಬಂದಿದ್ದರು. ಕೆಲವು ಮಾತಿಗೆ ಕರಾವಳಿಯ ಹುಡುಗಿಯರು ಎಲ್ಲರಿಗಿಂತ ಮೊದಲೇ ನಗುತ್ತಿದ್ದರು, ನಮಗೆ ಅರ್ಥ ಆಗೋಕೆ ಒಂದು ಕ್ಷಣ ತಡ. ಮೊಬೈಲ್‌ನಲ್ಲಿ ಒಬ್ಬರೇ ನೋಡಿದ್ದರೆ ಆ ನಗು ನಮಗೆ ಕೇಳುತ್ತಿರಲಿಲ್ಲ.

ಮರುದಿನ ಲೈಬ್ರರಿಯಲ್ಲಿ ವೈದೇಹಿಯವರ ಮೂಲ ಕಥೆ ಇರುವ ಪುಸ್ತಕ ತಗೊಂಡೆವು. ಕಥೆಯಲ್ಲಿ ಊರಿಗೆ ಬರೋದು ಟಿವಿ ಅಲ್ಲ, ಟಾಕೀಸು. ಪುಟಕ್ಕೆ ಐದು ನಿಮಿಷ ಆಗುತ್ತಿದ್ದದ್ದು ಕೊನೆಯ ಹೊತ್ತಿಗೆ ಮೂರು ನಿಮಿಷ ಆಯಿತು. ಉತ್ಪ್ರೇಕ್ಷೆ ಅಲ್ಲ, ಟೈಮರ್ ಇಟ್ಟುಕೊಂಡೇ ಓದಿದ್ದು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಈ ಸೆಮಿಸ್ಟರ್ ಡಿಬಿಎಂಎಸ್ ಲ್ಯಾಬ್‌ಗೆ ನಮ್ಮ ತಂಡ ಮಾಡಿದ ಮಿನಿ ಪ್ರಾಜೆಕ್ಟ್ ಒಂದು ಆನ್‌ಲೈನ್ ಅಂಗಡಿ. ಮೊನ್ನೆ ಸಬ್‌ಮಿಟ್ ಮಾಡುವ ಮುಂಚೆ ತೆಗೆದು ನೋಡಿದರೆ, ಕಸ್ಟಮರ್ ಟೇಬಲ್‌ನಲ್ಲಿ ನಾವೇ ಬರೆದಿದ್ದೀವಿ: ಫಸ್ಟ್ ನೇಮ್, ನಾಟ್ ನಲ್. ಲಾಸ್ಟ್ ನೇಮ್, ನಾಟ್ ನಲ್. ಹುಟ್ಟಿದ ದಿನಾಂಕ, ನಾಟ್ ನಲ್. ಕೊಳ್ಳೋರು ಒಬ್ಬ ಮನುಷ್ಯನೇ ಆಗಿರಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ, ಆದರೂ ಹಾಗೆ ಬರೆದಿದ್ದೆವು. ಲೈಬ್ರರಿ, ಶಾಲೆ, ಯುವಕ ಸಂಘ, ಮಹಿಳಾ ಮಂಡಳಿ ಯಾರೂ ನಮ್ಮ ಅಂಗಡಿಗೆ ಬರೋ ಹಾಗಿರಲಿಲ್ಲ. ಆ ರಾತ್ರಿ ಇನ್ನೊಂದು ಕಾಲಂ ಸೇರಿಸಿದೆವು, ಸಂಸ್ಥೆಯ ಹೆಸರು ಅಂತ. ಬಿಲ್ ಆದ 30 ದಿನಕ್ಕೆ ಪಾವತಿ ಅನ್ನೋ ಆಯ್ಕೆಯನ್ನೂ ಸೇರಿಸಿದೆವು. ಟೇಬಲ್‌ಗಳ ನಡುವಿನ ಸಂಬಂಧ ಕೆಟ್ಟು ಬೆಳಗಿನ ಜಾವ ಮೂರು ಗಂಟೆ ಆಯಿತು. ವೈವಾದಲ್ಲಿ ಮೇಡಂ ಇದು ಯಾಕೆ ಅಂತ ಕೇಳಿದರು, ಈ ಕಥೆ ಹೇಳಿದೆವು. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ.

12 ಡಿವಿಡಿ ಈಗ ಲೈಬ್ರರಿಯಲ್ಲಿ ಪೇಪರ್ ಸ್ಟ್ಯಾಂಡ್ ಪಕ್ಕದ ಕಪಾಟಿನಲ್ಲಿವೆ. ಪ್ರತಿಯೊಂದಕ್ಕೂ ಅಕ್ಸೆಷನ್ ನಂಬರ್ ಇದೆ, ಯಾರಿಂದ ಬಂತು ಅನ್ನೋ ಜಾಗದಲ್ಲಿ ಒಂದು ಹೆಸರಿದೆ. ಒಂದು ವಾರಕ್ಕೆ ಮನೆಗೆ ಒಯ್ಯಬಹುದು. ನಿಮ್ಮ ಅಪ್ಪನ ಹಳೇ ಕಂಪ್ಯೂಟರ್‌ನಲ್ಲಿ ಡ್ರೈವ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನಮಗೆ ಹೇಳಿ.